ಅಂಗೈಯಗಲದ ಯಂತ್ರಕ್ಕೆ ಆಕಾಶದ ಉಸಿರು ಸಿಕ್ಕಿತು

ಹಾಳಾಗಿದೆ ಅಂದುಕೊಂಡೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೂರು ಚಿಲ್ಲರೆ ರೂಪಾಯಿಗೆ ಕೊಂಡ ಸೆನ್ಸರ್ ಅದು. ಹೆಸರು ಬಿಎಂಪಿ 280. ಹೆಬ್ಬೆರಳಿನ ಉಗುರಿನಷ್ಟು ಹಲಗೆ, ಅದರ ನಡುವೆ ಎಳ್ಳುಕಾಳಿನಷ್ಟು ಹೊಳೆಯುವ ಒಂದು ಲೋಹದ ಚುಕ್ಕೆ, ಆ ಚುಕ್ಕೆಯಲ್ಲಿ ಸೂಜಿಮೊನೆಯಷ್ಟು ತೂತು. ತೂತಿನೊಳಗೆ ಹೋದ ಗಾಳಿಯ ಒತ್ತಡ ಎಷ್ಟೆಂದು ಅಳೆಯುವುದು ಅದರ ಕೆಲಸ. ನಾಲ್ಕು ವೈರುಗಳಲ್ಲಿ ಅದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿ, ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಡುವಂತೆ ಮಾಡಿ, ಅಡುಗೆಮನೆಯ ಅಟ್ಟದ ಮೇಲಿಟ್ಟು ಮರೆತುಬಿಟ್ಟಿದ್ದೆ. ಮೂರು ದಿನ ಬಿಟ್ಟು ಗ್ರಾಫ್ ತೆಗೆದು ನೋಡಿದರೆ ಗೆರೆ ನೆಟ್ಟಗಿಲ್ಲ! ಏರಿದೆ, ಇಳಿದಿದೆ, ಮತ್ತೆ ಏರಿದೆ, ಮತ್ತೆ ಇಳಿದಿದೆ. ಬೆಳಗ್ಗೆ ಹತ್ತರ ಸುಮಾರಿಗೆ ದಿಬ್ಬ, ಸಂಜೆ ನಾಲ್ಕಕ್ಕೆ ತಗ್ಗು, ರಾತ್ರಿ ಹತ್ತಕ್ಕೆ ದಿಬ್ಬ, ನಸುಕಿನ ನಾಲ್ಕಕ್ಕೆ ತಗ್ಗು. ಮೂರು ದಿನವೂ ಹೀಗೇ.

ಅಡುಗೆಮನೆಯ ಬಿಸಿ ಅದರ ದಾರಿ ತಪ್ಪಿಸುತ್ತಿದೆಯೇನೋ ಅನ್ನಿಸಿ ಇನ್ನೊಂದು ಸೆನ್ಸರ್ ತಂದೆ. ಅದನ್ನು ಮಲಗುವ ಕೋಣೆಯ ಕಿಟಕಿಯ ಹತ್ತಿರ ಇಟ್ಟೆ. ಮರುದಿನ ಎರಡೂ ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದಾಗ ಮೈ ಜುಮ್ಮೆಂದಿತು. ಒಂದೇ ಅಲೆ! ದಿಬ್ಬಕ್ಕೆ ದಿಬ್ಬ, ತಗ್ಗಿಗೆ ತಗ್ಗು ಕೂಡಿಕೊಂಡಿತ್ತು. ಸೆನ್ಸರುಗಳು ಸರಿಯಾಗಿಯೇ ಇದ್ದವು. ಏರಿಳಿಯುತ್ತಿದ್ದುದು ಆಕಾಶ.

ಸಮುದ್ರಕ್ಕೆ ಉಬ್ಬರವಿಳಿತ ಇರುವ ಹಾಗೆ ಗಾಳಿಗೂ ಇದೆಯಂತೆ! ಕಡಲನ್ನು ಹೆಚ್ಚಾಗಿ ಚಂದ್ರ ಎಳೆಯುತ್ತಾನೆ, ಗಾಳಿಯನ್ನು ಸೂರ್ಯ ಕಾಯಿಸುತ್ತಾನೆ. ಎತ್ತರದಲ್ಲಿ ಓಝೋನ್, ಕೆಳಗೆ ನೀರಾವಿ, ಎರಡೂ ಬಿಸಿಲು ಕುಡಿದು ಬಿಸಿಯಾಗುತ್ತವೆ. ಆ ಬಿಸಿಯ ತಾಳಕ್ಕೆ ಇಡೀ ವಾಯುಮಂಡಲ ದಿನಕ್ಕೆರಡು ಸಲ ಉಬ್ಬಿ ತಗ್ಗುತ್ತದೆ. ನಮ್ಮಂಥ ಉಷ್ಣವಲಯದ ಸೀಮೆಯಲ್ಲಿ ಇದು ಎಷ್ಟು ನಿಯತವೆಂದರೆ, ಇನ್ನೂರು ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಪಾದರಸದ ಬಾರೋಮೀಟರ್ ಹೊತ್ತು ತಿರುಗಿದ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಇದನ್ನು ನೋಡಿ ಗಂಟೆ ಹೇಳಬಹುದು ಎಂದಿದ್ದ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ 910 ಹೆಕ್ಟೊಪ್ಯಾಸ್ಕಲ್ ಹತ್ತಿರ. ಈ ಏರಿಳಿತ ಅದರಲ್ಲಿ ಮೂರರ ಆಸುಪಾಸು. ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ನನ್ನ ಮೈಮೇಲೆ ಹಾದುಹೋಗುತ್ತಿದ್ದ ಅಲೆ! ಒಂದು ದಿನವೂ ನನಗೆ ಗೊತ್ತಾಗಿರಲಿಲ್ಲ. ಅಟ್ಟದ ಮೇಲಿನ ಎಳ್ಳುಕಾಳಿಗೆ ಗೊತ್ತಾಯಿತು.

ಅವತ್ತಿನಿಂದ ಕಂಪ್ಯೂಟರ್ ಎಂಬ ಪದಕ್ಕೆ ನನ್ನೊಳಗಿದ್ದ ಅರ್ಥವೇ ಬದಲಾಯಿತು. ಅದು ಮುಂದೆ ಕೂತು ನೋಡುವ ಪೆಟ್ಟಿಗೆ ಅಂತ ತಿಳಿದಿದ್ದೆ. ಪರದೆ ಕಿತ್ತುಹಾಕಿ, ಕೀಬೋರ್ಡ್ ಕಿತ್ತುಹಾಕಿ, ಉಳಿದ ಹಲಗೆಗೆ ಒಂದು ಕಿವಿಯನ್ನೋ ಚರ್ಮವನ್ನೋ ಅಂಟಿಸಿ ಮೂಲೆಯಲ್ಲಿ ಬಿಟ್ಟರೆ ಮನೆಗೇ ಹೊಸದೊಂದು ಇಂದ್ರಿಯ ಹುಟ್ಟುತ್ತದೆ! ಆ ಸೆನ್ಸರನ್ನು ಕೈಯಲ್ಲಿ ಹಿಡಿದು ಒಂದು ಮಹಡಿ ಮೆಟ್ಟಿಲು ಹತ್ತಿ ನೋಡಿ: ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್‌ನ ಮೂರನೇ ಒಂದು ಪಾಲಿನಷ್ಟು ಕುಸಿಯುತ್ತದೆ. ಮೆಟ್ಟಿಲು ಹತ್ತಿದ್ದು ಅದಕ್ಕೆ ತಿಳಿಯುತ್ತದೆ!

2022ರ ಜನವರಿ 15ರಂದು ಶಾಂತಸಾಗರದ ಟೊಂಗಾದಲ್ಲಿ ಕಡಲಡಿಯ ಜ್ವಾಲಾಮುಖಿ ಸಿಡಿದಾಗ ಎದ್ದ ಒತ್ತಡದ ಅಲೆ ಗಂಟೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಭೂಮಿಯನ್ನು ಸುತ್ತಿತು, ಒಂದಲ್ಲ, ಹಲವು ಸುತ್ತು. ಲೋಕದ ಎಷ್ಟೋ ಮನೆಗಳ ಅಟ್ಟಗಳಲ್ಲಿ, ಬಾಲ್ಕನಿಗಳಲ್ಲಿ ಹವ್ಯಾಸಿಗಳು ಕಟ್ಟಿಟ್ಟಿದ್ದ ಇಂಥವೇ ಪುಟ್ಟ ಬಾರೋಮೀಟರುಗಳ ಗೆರೆಯಲ್ಲಿ ಆ ಅಲೆ ದಾಟಿದ ಕ್ಷಣಕ್ಕೆ ಸರಿಯಾಗಿ ಒಂದು ಕೊಕ್ಕೆ ಮೂಡಿತು. ಟೊಂಗಾದಿಂದ ಬೆಂಗಳೂರಿಗೆ ಸುಮಾರು 12,000 ಕಿಲೋಮೀಟರ್. ಲೆಕ್ಕ ಹಾಕಿದರೆ ಅದು ನಮ್ಮ ಊರನ್ನು ದಾಟಿದ್ದು ರಾತ್ರಿ ಎಂಟೂವರೆಯ ಹೊತ್ತಿಗೆ. ನಾನು ಊಟ ಮಾಡುತ್ತಿದ್ದಿರಬೇಕು. ನನ್ನ ಬಳಿ ಆಗ ಸೆನ್ಸರ್ ಇರಲಿಲ್ಲ. ಆ ಕೊಕ್ಕೆ ನನ್ನ ಮನೆಯ ಗ್ರಾಫಿನಲ್ಲಿ ಇಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಈ ರಾಸ್ಪ್‌ಬೆರಿ ಪೈ ಹಲಗೆಗಳ ಕಥೆಯನ್ನೂ ಹೇಳಲೇಬೇಕು. ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತವರ ಗೆಳೆಯರಿಗೆ ಒಂದು ಕೊರಗಿತ್ತು: ಕಂಪ್ಯೂಟರ್ ಓದಲು ಬರುವ ಹುಡುಗರು ಕಡಿಮೆಯಾಗುತ್ತಿದ್ದಾರೆ, ಬರುವವರಿಗೂ ಯಂತ್ರದ ಒಳಗನ್ನು ಮುಟ್ಟಿ ಗೊತ್ತಿಲ್ಲ. ಕೆಟ್ಟರೂ ಮನೆಯವರು ಬೈಯದಷ್ಟು ಅಗ್ಗದ ಕಂಪ್ಯೂಟರ್ ಮಕ್ಕಳ ಕೈಗೆ ಸಿಗಲಿ ಎಂದು ಮಾಡಿದ ಹಲಗೆ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಬೆಲೆ 35 ಡಾಲರ್, ಅಗಲ ಎಟಿಎಂ ಕಾರ್ಡಿನಷ್ಟು. ಹೆಸರಿನ ‘ಪೈ’ ಬಂದದ್ದು ಪೈಥಾನ್ ಭಾಷೆಯಿಂದ. ಅವತ್ತು ಬೆಳಗ್ಗೆ ಮಾರುವವರ ಜಾಲತಾಣಗಳೇ ನುಗ್ಗಾಟ ತಡೆಯದೆ ಕುಸಿದುಬಿದ್ದವು. ಕೆಲವು ಸಾವಿರ ಹೋದೀತು ಎಂದುಕೊಂಡಿದ್ದು 2024ರ ಹೊತ್ತಿಗೆ 6 ಕೋಟಿ ದಾಟಿತು!

ನಮ್ಮ ಬೆಂಗಳೂರು ಈ ಕನಸನ್ನು ಅದಕ್ಕಿಂತ ಮೊದಲೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್ಕೋರ್ ಸಾಫ್ಟ್‌ವೇರಿನ ಎಂಜಿನಿಯರುಗಳು ಸೇರಿ 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರ್ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ. ಓದುಬರಹ ಬಾರದವರಿಗೂ ಇದು ಅವರವರ ನುಡಿಯಲ್ಲಿ ಮಾತಾಡಬೇಕು ಎಂಬುದು ಆಸೆ. ಅದಕ್ಕೆಂದು ಹುಟ್ಟಿದ ‘ಧ್ವನಿ’ ಎಂಬ ತಂತ್ರಾಂಶ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುತ್ತಿತ್ತು. 9,000 ರೂಪಾಯಿಯ ಆಸುಪಾಸಿಗೆ ಸಿಗಲಿ ಎಂದು ಹೊರಟಿದ್ದರು. ಅದು ಮನೆಮನೆ ಮುಟ್ಟಲಿಲ್ಲ. ಆದರೆ ಹದಿನಾಲ್ಕು ವರ್ಷ ಕಳೆದು, 2015ರ ನವೆಂಬರ್ 26ರಂದು, ಪೈ ಝೀರೋ ಎಂಬ ಬೆರಳುದ್ದದ ಕಂಪ್ಯೂಟರನ್ನು ಬ್ರಿಟನ್ನಿನ ಒಂದು ಪತ್ರಿಕೆ ತನ್ನ ರಕ್ಷಾಪುಟಕ್ಕೆ ಅಂಟಿಸಿ ಪುಕ್ಕಟೆ ಹಂಚಿತು! ಬೆಲೆ 5 ಡಾಲರ್, ತೂಕ 9 ಗ್ರಾಂ. ದೀಪಾವಳಿ ವಿಶೇಷಾಂಕದ ಜೊತೆ ಶಾಂಪೂ ಪ್ಯಾಕೆಟ್ ಬರುತ್ತದಲ್ಲ, ಹಾಗೆ ಒಂದು ಇಡೀ ಕಂಪ್ಯೂಟರ್!

ಇನ್ನೊಂದು ಸಂಗತಿ ಕೇಳಿ, ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2015ರ ಫೆಬ್ರವರಿಯಲ್ಲಿ ಪೈ 2 ಬಂದಾಗ ಹವ್ಯಾಸಿಯೊಬ್ಬರು ಖುಷಿಯಲ್ಲಿ ಅದರ ಫೋಟೊ ತೆಗೆದರು. ಫ್ಲ್ಯಾಶ್ ಮಿಂಚಿತು, ಕಂಪ್ಯೂಟರ್ ಆಫ್! ಮತ್ತೆ ಹಚ್ಚಿದರು, ಮತ್ತೆ ಫೋಟೊ, ಮತ್ತೆ ಆಫ್! ಬೆಳಕಿಗೆ ಕಂಪ್ಯೂಟರ್ ಮೂರ್ಛೆ ಹೋಗುವುದೆಂದರೇನು? ಹುಡುಕುತ್ತ ಹೋದರೆ ಸಿಕ್ಕಿದ್ದು ಹಲಗೆಯ ಮೇಲಿನ ಯು16 ಎಂಬ ಚಿಪ್. ವಿದ್ಯುತ್ತನ್ನು ಹದದಲ್ಲಿಡುವ ಚಿಪ್ ಅದು, ಜಾಗ ಉಳಿಸಲು ಅದಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿರಲಿಲ್ಲ, ಸಿಲಿಕಾನ್ ಬರಿಮೈಯಲ್ಲಿತ್ತು. ಝೆನಾನ್ ಫ್ಲ್ಯಾಶಿನ ತೀಕ್ಷ್ಣ ಬೆಳಕು ಬಡಿದ ಕ್ಷಣ ಅದರೊಳಗಿನ ಎಲೆಕ್ಟ್ರಾನುಗಳು ಎದ್ದು ಓಡಿ ಲೆಕ್ಕ ತಪ್ಪುತ್ತಿತ್ತು. ಐನ್‌ಸ್ಟೈನರಿಗೆ 1921ರ ನೊಬೆಲ್ ತಂದುಕೊಟ್ಟ ದ್ಯುತಿವಿದ್ಯುತ್ ಪರಿಣಾಮ! ಕಾಲೇಜಿನಲ್ಲಿ ಉರುಹೊಡೆದು ಹತ್ತು ಅಂಕಕ್ಕೆ ಬರೆದು ಬಂದಿದ್ದ ಸಂಗತಿ ಯಾರದೋ ಮೇಜಿನ ಮೇಲೆ ಕಣ್ಣೆದುರೇ ನಡೆದಿತ್ತು. ಪರಿಹಾರ ಇನ್ನೂ ಸೊಗಸು: ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟನ್ನು ಚಿಟಿಕೆ ತೆಗೆದು ಆ ಚಿಪ್ಪಿನ ಮೇಲೆ ಮೆತ್ತಿಬಿಡಿ. ಅಷ್ಟೇ.

ಸರಿ, ನೀವೇನು ಮಾಡಬಹುದು? ಮೊದಲು ಒಂದು ಎಲ್‌ಇಡಿ ಮಿನುಗಿಸಿ. ನಗಬೇಡಿ, ಬರೆದ ಅಕ್ಷರಕ್ಕೆ ಹೊರಗಿನ ಲೋಕದಲ್ಲಿ ಒಂದು ಬೆಳಕು ಹತ್ತಿ ಆರುವುದನ್ನು ಮೊದಲ ಸಲ ನೋಡುವ ಸುಖ ಬೇರೆ. ಹಲಗೆಯ ಅಂಚಿನಲ್ಲಿ ನಿಂತಿರುವ 40 ಪಿನ್ನುಗಳೇ ಇದರ ಜೀವಾಳ, ಕಂಪ್ಯೂಟರ್ ಲೋಕವನ್ನು ಮುಟ್ಟುವ ಬೆರಳುಗಳು ಅವು. ಅವುಗಳಲ್ಲಿ ಸಂಕೇತ ಹೊರುವ ಪಿನ್ನುಗಳಿಗೆ 3.3 ವೋಲ್ಟ್ ಮಾತ್ರ ಸಹ್ಯ. ತಪ್ಪಿ 5 ವೋಲ್ಟಿನ ವೈರ್ ತಗುಲಿಸಿ ನಾನೊಂದು ಹಲಗೆಯನ್ನು ಕಳೆದುಕೊಂಡಿದ್ದೇನೆ, ಒಂದು ಸದ್ದೂ ಇಲ್ಲದೆ ಹೋಯಿತು. ಆಮೇಲೆ, ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಹಳೆಯ ರೇಡಿಯೊ ಇದ್ದರೆ ಅದರ ಹೊಟ್ಟೆಗೆ ಒಂದು ಪೈ ಇಟ್ಟು, ಮನೆಯವರ ಮೆಚ್ಚಿನ ಹಾಡುಗಳನ್ನು ತುಂಬಿ, ಅದೇ ಹಳೆಯ ತಿರುಗುಗುಬ್ಬಿಯಿಂದ ಹಾಡು ಬದಲಾಗುವಂತೆ ಮಾಡಿ. ಅಜ್ಜಿಗೆ ಯಾವ ಪರದೆಯನ್ನೂ ಒತ್ತಿ ತೋರಿಸಬೇಕಿಲ್ಲ. ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಹಾಕಿ ವೈಫೈ ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಇಡೀ ಮನೆಯ ಫೋನುಗಳಿಗೆ ಬರುವ ಜಾಹೀರಾತುಗಳಲ್ಲಿ ಎಷ್ಟೋ ಹೊಸ್ತಿಲಲ್ಲೇ ನಿಲ್ಲುತ್ತವೆ.

ಆದರೆ ನನ್ನ ಜೀವ ಇರುವುದು ಮಳೆಯಲ್ಲಿ!

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಅಡಿಕೆ ತೋಟ. ಮಲೆನಾಡಿನ ಎಷ್ಟೋ ಕೃಷಿಕರ ಹಾಗೆ ಅವರೂ ಮಳೆ ಲೆಕ್ಕ ಇಡುವವರು. ಅಂಗಳದ ಕಂಬದ ಮೇಲೆ ಕೊಳವೆ, ದಿನಾ ಬೆಳಗ್ಗೆ ಎಂಟೂವರೆಗೆ ಇಳಿಸಿ ಅಳತೆ ನೋಡಿ, ಕಪಾಟಿನ ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಜ್ವರ ಬಂದ ದಿನವೂ ಬಿಟ್ಟವರಲ್ಲ. ಅವರ ಕೊಳವೆಯ ಪಕ್ಕದಲ್ಲೇ ನನ್ನ ಯಂತ್ರ ನಿಲ್ಲಿಸಿದೆ. ಕೊಪ್ಪರಿಗೆಯಂಥ ಬಾಯಿ, ಅದರಡಿ ಮಕ್ಕಳು ಆಡುವ ಏರಿಳಿಯುವ ಹಲಗೆಯಂಥ ಎರಡು ಪುಟಾಣಿ ಬಟ್ಟಲು. ಒಂದು ಬಟ್ಟಲು ತುಂಬಿದರೆ ಟಕ್ಕೆಂದು ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಬಟ್ಟಲು ಮೇಲೆದ್ದು ತುಂಬತೊಡಗುತ್ತದೆ. ಒಂದು ಟಕ್ಕಿಗೆ 0.2794 ಮಿಲಿಮೀಟರ್ ಮಳೆ. ಬಟ್ಟಲಿಗೆ ಅಂಟಿದ ಅಯಸ್ಕಾಂತದ ಚೂರು ಪ್ರತಿಸಲ ಗಾಜಿನ ಕೊಳವೆಯೊಂದರ ಮುಂದೆ ಹಾದುಹೋಗುತ್ತದೆ. ಕೊಳವೆಯೊಳಗೆ ಕೂದಲಂಥ ಎರಡು ಲೋಹದ ಪಟ್ಟಿಗಳು ಅಯಸ್ಕಾಂತ ಬಂದಾಗ ಒಂದನ್ನೊಂದು ಮುಟ್ಟುತ್ತವೆ. ಆ ಮುಟ್ಟುವಿಕೆಯನ್ನು ಎಣಿಸಲು ಜಗಲಿಯಲ್ಲಿ ಒಂದು ಪೈ ಝೀರೋ 2. ಕರೆಂಟ್ ಹೋದಾಗೆಲ್ಲ ಮೆಮೊರಿ ಕಾರ್ಡ್ ಕೆಡಬಾರದೆಂದು ಅದಕ್ಕೊಂದು ಬ್ಯಾಟರಿ.

ಮೊದಲ ರಾತ್ರಿ ಒಳ್ಳೆಯ ಮಳೆ. ಬೆಳಗ್ಗೆ ದೊಡ್ಡಪ್ಪನ ಕೊಳವೆ 42 ಮಿಲಿಮೀಟರ್ ಅಂದಿತು. ನನ್ನ ಯಂತ್ರ 117 ಅಂದಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತೋಟದ ಕೆಳಗಿನ ಹಳ್ಳದತ್ತ ಒಮ್ಮೆ ನೋಡಿ ಬಂದರು.

“ನೂರಾ ಹದಿನೇಳು ಬಂದಿದ್ರೆ ಹಳ್ಳ ಸಂಕದ ಮಟ್ಟಕ್ಕೆ ಏರ್ಬೇಕಿತ್ತು ಮಾರಾಯ. ಏರಿಲ್ಲ. ಇದು ಒಂದನ್ನೇ ಎರಡು ಮೂರು ಸಲ ಎಣಿಸ್ತಾ ಇದೆ, ನೋಡು.”

ಅವರು ಹೇಳಿದ್ದೇ ನಿಜ! ಗಾಜಿನೊಳಗಿನ ಆ ಪಟ್ಟಿಗಳು ಮುಟ್ಟಿದಾಗ ಒಂದೇ ಸಲ ಮುಟ್ಟಿ ಸುಮ್ಮನಾಗುವುದಿಲ್ಲ. ನೆಲಕ್ಕೆ ಬಿದ್ದ ಚಮಚ ಕುಣಿಯುವ ಹಾಗೆ, ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು ನಡುಗುತ್ತವೆ. ನಮ್ಮ ಕಣ್ಣಿಗೂ ಕಿವಿಗೂ ಒಂದೇ ಟಕ್. ಕಂಪ್ಯೂಟರಿಗೆ ಆ ನಡುಕ ಪೂರ್ತಿ ಕಾಣುತ್ತದೆ, ಅದು ಪ್ರಾಮಾಣಿಕವಾಗಿ ಎಲ್ಲವನ್ನೂ ಎಣಿಸುತ್ತದೆ. ಒಂದು ಟಕ್ ಕೇಳಿದ ಮೇಲೆ ಕಾಲು ಸೆಕೆಂಡ್ ಕಿವಿ ಮುಚ್ಚಿಕೊ ಎಂದು ಒಂದು ಸಾಲು ಸೇರಿಸಿದೆ. ಆಮೇಲಿನ ದಿನಗಳಲ್ಲಿ ಎರಡೂ ಲೆಕ್ಕ ಹತ್ತಿರ ಹತ್ತಿರ ನಡೆದವು. ಧಾರಾಕಾರ ಸುರಿದ ದಿನ ಮಾತ್ರ ನನ್ನದು ಸ್ವಲ್ಪ ಕಡಿಮೆ, ಬಟ್ಟಲು ಬಾಗುವ ಆ ಅರೆಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಅಂಥ ದಿನ ನಾವು ಪುಸ್ತಕವನ್ನೇ ನಂಬುತ್ತೇವೆ. ಆದರೆ ಪುಸ್ತಕಕ್ಕೆ ಗೊತ್ತಿಲ್ಲದ್ದೊಂದು ಯಂತ್ರಕ್ಕೆ ಗೊತ್ತು: ಮಳೆ ರಾತ್ರಿ ಎಷ್ಟು ಹೊತ್ತಿಗೆ ಶುರುವಾಯಿತು, ಯಾವಾಗ ರಪರಪ ಹೊಡೆಯಿತು, ಯಾವಾಗ ಉಸಿರೆಳೆದುಕೊಂಡಿತು. ಇಡೀ ರಾತ್ರಿಯ ಮಳೆಯ ನಡಿಗೆಯನ್ನು ಬೆಳಗ್ಗೆ ಒಂದು ಗೆರೆಯಾಗಿ ನೋಡುತ್ತ ದೊಡ್ಡಪ್ಪ ಕಾಫಿ ಆರಿಸಿಬಿಟ್ಟರು!

ಯಂತ್ರಕ್ಕೆ ಒಂದು ಗುಂಡಿ, ಒಂದು ಸ್ಪೀಕರ್ ಸೇರಿಸಿದೆ. ಈಸ್ಪೀಕ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಗುಂಡಿ ಒತ್ತಿದರೆ “ಇವತ್ತಿನ ಮಳೆ ಮೂವತ್ತಾರು ಮಿಲಿಮೀಟರ್” ಎಂದು ತಗಡಿನ ದನಿಯಲ್ಲಿ ಹೇಳುತ್ತದೆ. ಅದರ ‘ಳ’ಕಾರ ಸರಿಯಿಲ್ಲವೆಂದು ದೊಡ್ಡಪ್ಪ ಪ್ರತಿಸಲ “ಮಳೆ, ಮಳೆ” ಎಂದು ತಿದ್ದುತ್ತಾರೆ. ಸಿಂಪ್ಯೂಟರಿನವರು ಕಂಡ ಕನಸು ಎರಡು ದಶಕ ಸುತ್ತಿ ಅಡಿಕೆ ತೋಟದ ಜಗಲಿಯಲ್ಲಿ ಕೂತು ಕನ್ನಡ ಕಲಿಯುತ್ತಿದೆ ಅನ್ನಿಸಿ ನನಗೆ ಕಣ್ಣು ತುಂಬಿತು.

ಮಳೆಯಂತೆ ನೆಲವನ್ನೂ ಕೇಳುವವರಿದ್ದಾರೆ. ರಾಸ್ಪ್‌ಬೆರಿ ಶೇಕ್ ಎಂಬ ಜೋಡಣೆಯಲ್ಲಿ ಅಯಸ್ಕಾಂತದ ಸುತ್ತ ಸ್ಪ್ರಿಂಗಿಗೆ ತೂಗಿದ ತಂತಿಸುರುಳಿಯಿದೆ, ನೆಲ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಮಿಡಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಬಸ್ಸು, ರೈಲು, ಕಾರ್ಖಾನೆ ಎಲ್ಲ ನಿಂತಾಗ ಭೂಮಿಯ ಮೇಲಿನ ನಮ್ಮ ಗದ್ದಲದ ಕಂಪನ ಕೆಲವೆಡೆ ಅರ್ಧಕ್ಕೆ ಇಳಿದಿತ್ತು! ಅದನ್ನು ಜಗತ್ತಿಗೆ ಹೇಳಿದ ಆ ವರ್ಷದ ಅಧ್ಯಯನದಲ್ಲಿ ದೊಡ್ಡ ಭೂಕಂಪನ ಕೇಂದ್ರಗಳ ಜೊತೆ ಹವ್ಯಾಸಿಗಳ ಮನೆಯ ಈ ಪುಟ್ಟ ಪೆಟ್ಟಿಗೆಗಳ ದಾಖಲೆಯೂ ಇತ್ತು. ಪೈ ಹಲಗೆಗಳು ಮೇಲಕ್ಕೂ ಹೋಗಿವೆ. 2015ರ ಡಿಸೆಂಬರಿನಲ್ಲಿ ಎಡ್ ಮತ್ತು ಇಝಿ ಎಂಬ ಎರಡು ಪೈಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದವು, ಯುರೋಪಿನ ಶಾಲಾಮಕ್ಕಳು ಬರೆದ ಪ್ರೋಗ್ರಾಮುಗಳು ಅಲ್ಲಿ ಓಡಿವೆ. ಕಿಟಕಿಯಿಂದ ಭೂಮಿಯ ಫೋಟೊ ತೆಗೆದು, ಎರಡು ಫೋಟೊಗಳ ನಡುವೆ ಒಂದು ಮೋಡ ಎಷ್ಟು ಸರಿಯಿತು ಎಂದು ನೋಡಿ, ನಿಲ್ದಾಣದ ವೇಗವನ್ನು ಮಕ್ಕಳು ತಾವೇ ಕಂಡುಹಿಡಿದಿದ್ದಾರೆ!

ಈಚೆಗೆ ತೋಟಕ್ಕೆ ಕಿವಿಯೊಂದನ್ನು ಕೊಟ್ಟೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಮಾಡಿದ ಬರ್ಡ್‌ನೆಟ್, ಆರು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಕೂಗು ಬಲ್ಲದು. ಅದನ್ನು ಪೈ ಮೇಲೆ ಓಡಿಸುವ ಬರ್ಡ್‌ನೆಟ್-ಪೈ ಹಾಕಿ, ಮೈಕನ್ನು ಸೂರಿನಡಿ ಸಿಕ್ಕಿಸಿದೆ. ಇದು ಕೇಳುವ ರೀತಿಯೇ ಬೆರಗು! ಸದ್ದನ್ನು ಮೂರು ಮೂರು ಸೆಕೆಂಡಿನ ತುಂಡು ಮಾಡುತ್ತದೆ, ಪ್ರತಿ ತುಂಡನ್ನೂ ಚಿತ್ರ ಮಾಡುತ್ತದೆ, ಅಡ್ಡಕ್ಕೆ ಕಾಲ, ಉದ್ದಕ್ಕೆ ಶ್ರುತಿ. ಕೋಗಿಲೆ ಕೂಗಿದರೆ ಮೆಟ್ಟಿಲು ಹತ್ತುವ ಗೆರೆಗಳು, ಕುಟ್ರು ಹಕ್ಕಿ ಕೂಗಿದರೆ ಹೊಲಿಗೆಯಂಥ ಚುಕ್ಕೆಸಾಲು. ಆಮೇಲೆ ಆ ಚಿತ್ರವನ್ನು ನೋಡಿ ಹಕ್ಕಿ ಯಾವುದೆಂದು ಹೇಳುತ್ತದೆ. ಹಾಡನ್ನು ಕಣ್ಣಿಂದ ಗುರುತಿಸುತ್ತದೆ! ಇಂಟರ್ನೆಟ್ಟೂ ಬೇಕಿಲ್ಲ. ತಪ್ಪೂ ಮಾಡುತ್ತದೆ, ಕೊಟ್ಟಿಗೆಯ ಬಾಗಿಲು ಕಿರ್ರೆಂದಾಗ ಮಲೆನಾಡಿಗೆ ಎಂದೂ ಬಾರದ ಗೂಬೆಯೊಂದರ ಹೆಸರು ಬರೆದಿತ್ತು. ಹಾಗಾಗಿ ಅದು ಉಳಿಸಿಟ್ಟ ಸದ್ದನ್ನು ನಾವೂ ಕೇಳಿ ಒಪ್ಪಬೇಕು. ಮಡಿವಾಳ, ಟುವ್ವಿ, ಗೊರವಂಕ, ಟಿಟ್ಟಿಭ, ಒಂದೊಂದಾಗಿ ಪಟ್ಟಿ ಬೆಳೆಯಿತು.

ಅಕ್ಟೋಬರ್ 16ರ ಪಟ್ಟಿಯ ತುದಿಯಲ್ಲಿ ಒಂದು ಹೊಸ ಹೆಸರು. ನವರಂಗ. ಬೆಳಗ್ಗೆ 5.54.

ಕೈ ನಡುಗುತ್ತಿತ್ತು. ಮೂರು ಸೆಕೆಂಡಿನ ಆ ತುಂಡನ್ನು ಹಚ್ಚಿದೆ. ಜೀರುಂಡೆಗಳ ಸದ್ದು, ದೂರದಲ್ಲಿ ಎಲೆಯಿಂದ ತೊಟ್ಟಿಕ್ಕುವ ಹನಿ, ಅದರ ನಡುವೆ ಸ್ಪಷ್ಟವಾಗಿ ಎರಡು ಸ್ವರದ ಒಂದು ಸಿಳ್ಳೆ. ಉತ್ತರದಿಂದ ಚಳಿಗಾಲಕ್ಕೆ ಇಳಿದು ಬರುವ, ಮೈಯೆಲ್ಲ ಬಣ್ಣದ, ನೆಲದ ತರಗೆಲೆಯಲ್ಲಿ ಅಡಗಿ ಓಡಾಡುವ ಹಕ್ಕಿ. ಮುಂಜಾವ ಮತ್ತು ಮುಸ್ಸಂಜೆಗೆ ಕೂಗುವುದರಿಂದ ತಮಿಳರು ಅದನ್ನು ಆರು ಗಂಟೆ ಹಕ್ಕಿ ಎಂದೇ ಕರೆಯುತ್ತಾರೆ. ದೊಡ್ಡಪ್ಪನಿಗೆ ಕೇಳಿಸಿದೆ. ಅವರು ಮಾತಾಡದೆ ಎದ್ದು ಹೋಗಿ ಕಪಾಟಿನಿಂದ ಹಳೆಯ ಮಳೆಪುಸ್ತಕಗಳನ್ನು ತಂದು ಜಗಲಿಯಲ್ಲಿ ಹರಡಿದರು. ಮಳೆಯ ಅಂಕಿಗಳ ಪಕ್ಕದ ಖಾಲಿ ಜಾಗದಲ್ಲಿ, ಶಾಯಿ ಮಾಸಿದ ಸಣ್ಣ ಅಕ್ಷರದಲ್ಲಿ ಅಲ್ಲಲ್ಲಿ ಒಂದೇ ಮಾತು: ಬಣ್ಣದ ಹಕ್ಕಿ ಬಂತು. ಒಂದು ವರ್ಷ ಅಕ್ಟೋಬರ್ 14. ಇನ್ನೊಂದು ವರ್ಷ 19. ಮತ್ತೊಂದು ವರ್ಷ 16.

“ಈಗೀಗ ಕಿವಿ ಮಂದ ಆಗಿ ಏಳೆಂಟು ವರ್ಷದಿಂದ ಬರೆದಿಲ್ಲ. ಬರ್ತಿಲ್ಲ ಅಂದ್ಕಂಡಿದ್ದೆ,” ಅಂದರು.

ಈ ವರ್ಷದ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ನನ್ನನ್ನು ಇನ್ನೊಮ್ಮೆ ಗಂಟೆ ಕೇಳಿಕೊಂಡು ಬರೆದರು: ಮಳೆ ಇಲ್ಲ. ಬಣ್ಣದ ಹಕ್ಕಿ ಬಂತು, 5.54.